ಸಣ್ಣ ಟ್ರಂಪೆಟ್ಟಿಗೆ ಯಾವ ಮೌತ್‌ಪೀಸ್?

ಕಳೆದ ಭಾನುವಾರ ಪೂಜೆ ಮುಗಿದ ಮೇಲೆ ಇಗರ್ಜಿಯ ಹಿಂದಿನ ಹಾಲ್‌ನಲ್ಲಿ ಅಭ್ಯಾಸಕ್ಕೆ ಕುಳಿತಿದ್ದೆವು. ನಮ್ಮ ಬ್ಯಾಂಡಿನ ಹುಡುಗಿಯೊಬ್ಬಳು ಹತ್ತಿರ ಬಂದು ಕೇಳಿದಳು. "ಮಾಷ್ಟ್ರೇ, ಕ್ರಿಸ್ಮಸ್‌ಗೆ ಪಿಕೊಲೊ ನಾನು ಊದುದಲ್ವಾ? ನಿಮ್ಮ ಮೌತ್‌ಪೀಸೇ ಸಾಕಾಗ್ತದಲ್ಲ, ಬೇರೆ ಎಂತಕ್ಕೆ?"

ಅವಳು ಪ್ಲಸ್ ಟು ಓದುತ್ತಿದ್ದಾಳೆ. ಐದು ವರ್ಷದಿಂದ ನಮ್ಮ ಜೊತೆ ಟ್ರಂಪೆಟ್ ಊದುತ್ತಿದ್ದಾಳೆ. ಈ ಸಲ ಪಿಕೊಲೊ ಅನ್ನುವ ಸಣ್ಣ ಟ್ರಂಪೆಟ್ ಅವಳ ಕೈಗೆ ಕೊಡುವುದೆಂದು ತೀರ್ಮಾನ ಮಾಡಿದ್ದೇವೆ. ಮೌತ್‌ಪೀಸ್ ಅಂದರೆ ಟ್ರಂಪೆಟ್ಟಿನ ತುದಿಗೆ ಸಿಕ್ಕಿಸಿ ತುಟಿ ಇಟ್ಟು ಊದುವ ಬಿಡಿ ತುಂಡು. ಅವಳ ಪ್ರಶ್ನೆಗೆ ಅಲ್ಲೇ ಎರಡು ಮಾತಿನಲ್ಲಿ ಉತ್ತರ ಕೊಡಲು ಆಗಲಿಲ್ಲ. ಬರೆದು ಕೊಡ್ತೇನೆ ಅಂದೆ. ಕುಂಬಳೆ, ಬದಿಯಡ್ಕ, ಮಂಜೇಶ್ವರ ಕಡೆಯ ಬ್ಯಾಂಡ್‌ಗಳಲ್ಲಿ ಊದುವ ಮಕ್ಕಳಿಗೂ ಉಪಯೋಗ ಆಗಲಿ ಎಂದು ಇಲ್ಲೇ ಬರೆಯುತ್ತಿದ್ದೇನೆ. ಕನ್ನಡದಲ್ಲಿ ಇದನ್ನು ಹೇಳಿಕೊಡುವವರು ನನಗೆ ಆಗ ಯಾರೂ ಸಿಕ್ಕಿರಲಿಲ್ಲ.

ಮೊದಲು ಪಿಕೊಲೊ ಅಂದರೆ ಏನು ಅಂತ ಹೇಳುತ್ತೇನೆ. ಮದುವೆಯ ಮುನ್ನಾದಿನದ ರೋಸ್ ಕಾರ್ಯಕ್ಕೆ, ಇಗರ್ಜಿ ಹಬ್ಬದ ಮೆರವಣಿಗೆಗೆ ನಾವು ಊದುವುದು ಬಿ ಫ್ಲಾಟ್ ಟ್ರಂಪೆಟ್. ಹಾರ್ಮೋನಿಯಂ ಲೆಕ್ಕದಲ್ಲಿ ಹೇಳುವುದಾದರೆ ಕರಿ ಐದು. ಅದರ ಸುರುಳಿ ಬಿಚ್ಚಿ ನೆಟ್ಟಗೆ ಮಾಡಿದರೆ ಸುಮಾರು 148 ಸೆಂಟಿಮೀಟರ್ ಉದ್ದದ ಕೊಳವೆ. ಪಿಕೊಲೊ ಅದರ ಸರಿ ಅರ್ಧ, 74 ಸೆಂಟಿಮೀಟರ್. ಹಾಗಾಗಿ ಸ್ವರ ಒಂದು ಸ್ಥಾಯಿ ಮೇಲೆ. ಹೆಚ್ಚಿನವುಗಳಲ್ಲಿ ಮೂರರ ಬದಲು ನಾಲ್ಕು ವಾಲ್ವ್ (ಸ್ವರ ಬದಲಿಸಲು ಬೆರಳಲ್ಲಿ ಒತ್ತುವ ಗುಂಡಿ) ಇರುತ್ತವೆ. ನಾಲ್ಕನೆಯದು ಒತ್ತಿದರೆ ಸ್ವರ ಸಾ ಇಂದ ಕೆಳಗಿನ ಪಾ ಗೆ ಇಳಿಯುತ್ತದೆ. ಬಾಯಿಯ ಕಡೆ ಹಾಕಲು ಎರಡು ಲೀಡ್‌ಪೈಪ್ ಕೊಡುತ್ತಾರೆ. ಗಿಡ್ಡದು ಬಿ ಫ್ಲಾಟ್‌ಗೆ, ಉದ್ದದ್ದು ಎ ಗೆ, ಅಂದರೆ ಬಿಳಿ ಆರಕ್ಕೆ.

ಎ ಪೈಪ್ ಎಂತಕ್ಕೆ ಅಂದರೆ, ಹಳೆಯ ಇಗರ್ಜಿ ಸಂಗೀತದಲ್ಲಿ ಟ್ರಂಪೆಟ್ ಬರುವ ಹಾಡುಗಳು ತುಂಬಾ ಡಿ ಶ್ರುತಿಯಲ್ಲಿವೆ. 1742ರಲ್ಲಿ ಡಬ್ಲಿನ್‌ನಲ್ಲಿ ಮೊದಲ ಸಲ ಹಾಡಿದ ಹ್ಯಾಂಡೆಲ್‌ನ 'ಮೆಸ್ಸಾಯ'ದ ಟ್ರಂಪೆಟ್ ಭಾಗಗಳೂ ಡಿ ಯಲ್ಲೇ. ಆಗಿನ ಟ್ರಂಪೆಟ್‌ಗಳು ಏಳು ಅಡಿಗೂ ಮೀರಿದ ಕೊಳವೆಗಳು, ವಾಲ್ವೇ ಇರಲಿಲ್ಲ. ಡಿ ಶ್ರುತಿಯ ಹಾಡನ್ನು ಬಿ ಫ್ಲಾಟ್‌ನಲ್ಲಿ ಊದಲು ಹೋದರೆ ನಾಲ್ಕು ಶಾರ್ಪ್ (ಅರ್ಧ ಸ್ವರ ಏರಿಸಿದ್ದು) ಇಟ್ಟುಕೊಂಡು ಬೆರಳು ಒದ್ದಾಡುತ್ತದೆ. ಎ ಪೈಪಿನಲ್ಲಿ ಒಂದೇ ಫ್ಲಾಟ್ (ಅರ್ಧ ಸ್ವರ ಇಳಿಸಿದ್ದು). ನಮ್ಮ ಕ್ರಿಸ್ಮಸ್ ಹಾಡೂ ಡಿ ಯಲ್ಲೇ ಉಂಟು.

ನನ್ನ ಪಿಕೊಲೊ ಬಂದದ್ದು ಕುವೈತಿನಿಂದ. ಅಲ್ಲಿ ಕೆಲಸದಲ್ಲಿರುವ ಭಾವ, ಊರಿಗೆ ಮರಳುತ್ತಿದ್ದ ಯಾರೋ ಬ್ಯಾಂಡಿನವರಿಂದ ಸೆಕೆಂಡ್ ಹ್ಯಾಂಡ್ ತೆಗೆದುಕೊಂಡು, ಬಟ್ಟೆಗಳ ನಡುವೆ ಸುತ್ತಿ ತಂದಿದ್ದರು. ಪೆಟ್ಟಿಗೆ ತೆರೆದಾಗ ನೀಲಿ ವೆಲ್ವೆಟ್‌ನಲ್ಲಿ ಎಲ್ಲ ಉಂಟು. ಮೌತ್‌ಪೀಸ್ ಇಡುವ ಗುಂಡಿ ಮಾತ್ರ ಖಾಲಿ. ನನಗೆ ಚಿಂತೆಯಾಗಲಿಲ್ಲ. ಹದಿನೈದು ವರ್ಷದಿಂದ ತುಟಿಗೆ ಒಗ್ಗಿದ ಯಮಹಾ 11ಸಿ4 ಮೌತ್‌ಪೀಸ್ ಇತ್ತಲ್ಲ, ಅದನ್ನೇ ತೆಗೆದು ಹಾಕಿದೆ.

ಒಳಗೇ ಹೋಗಲಿಲ್ಲ. ತುದಿ ಮಾತ್ರ ಒಂದು ಕಡಲೆಕಾಳಿನಷ್ಟು ಒಳಗೆ ಹೋಗಿ ಅಲ್ಲಾಡುತ್ತಾ ನಿಂತಿತು. ಬೆರಳು ತೆಗೆದರೆ ಬೀಳುತ್ತದೆ. ಎರಡೂ ಪೈಪ್‌ನಲ್ಲೂ ಅದೇ ಕಥೆ. ಆಗಲೇ ನನಗೆ ಗೊತ್ತಾದದ್ದು, ಶ್ಯಾಂಕ್ ಎಂಬುದರಲ್ಲಿ, ಅಂದರೆ ಪೈಪಿನೊಳಗೆ ಕೂರುವ ಮೌತ್‌ಪೀಸಿನ ಬಾಲದಲ್ಲಿ, ಎರಡು ಅಳತೆ ಇದೆ ಎಂದು. ಟ್ರಂಪೆಟ್ ಶ್ಯಾಂಕ್ ದಪ್ಪ, ಕಾರ್ನೆಟ್ (ಟ್ರಂಪೆಟ್ಟಿನದೇ ಜಾತಿಯ ಇನ್ನೊಂದು ವಾದ್ಯ) ಶ್ಯಾಂಕ್ ಸಪೂರ. ಕೆಲವು ಪಿಕೊಲೊಗಳು ಟ್ರಂಪೆಟ್ ಶ್ಯಾಂಕ್ ತೆಗೆದುಕೊಳ್ಳುತ್ತವೆ, ಕೆಲವು ಕಾರ್ನೆಟ್ ಶ್ಯಾಂಕ್. ನನ್ನದು ಕಾರ್ನೆಟ್‌ನದು. ಇದನ್ನು ನೋಡದೆ ಮೌತ್‌ಪೀಸ್‌ಗೆ ಹಣ ಕೊಟ್ಟರೆ ಉಳಿದ ಲೆಕ್ಕವೆಲ್ಲ ನೀರಿಗೆ ಹೋದ ಹಾಗೆ. ಒಬ್ಬರು ಲೇತ್‌ನಲ್ಲಿ ಶ್ಯಾಂಕ್ ಕಡೆದು ಸಪೂರ ಮಾಡಿಕೊಡುತ್ತೇನೆ ಅಂದರು. ಹಾಗೆ ಮಾಡುವವರಿದ್ದಾರೆ, ನಿಜ. ಆದರೆ ತುದಿಯ ಗೋಡೆ ತೆಳುವಾಗಿ ಕಾಗದದ ಹಾಗೆ ಆಗುತ್ತದೆ. ನನ್ನ ದಿನದ ಮೌತ್‌ಪೀಸ್ ಅದು. ಮನಸ್ಸು ಬರಲಿಲ್ಲ.

ಅಂಗಡಿಗೆ ಹೋದೆ. ಯಾವ ಊರಿನ ಯಾವ ಅಂಗಡಿ ಎಂಬುದು ಬೇಡ. ಪಿಕೊಲೊಗೆ ಬೇಕು ಅಂದ ಕೂಡಲೇ ಅವರು ತುಂಬಾ ಸಣ್ಣ ಬಾಯಿಯ, ತುಂಬಾ ತೆಳು ಕಪ್ಪಿನ ಒಂದನ್ನು ತೆಗೆದುಕೊಟ್ಟರು. ಕಪ್ ಅಂದರೆ ತುಟಿಯ ಕಡೆಯ ಪುಟ್ಟ ಬಟ್ಟಲು, ತೆಳು ಅಂದರೆ ಆಳ ಕಡಿಮೆ. ಸಣ್ಣದಾದಷ್ಟು ಮೇಲೆ ಹೋಗ್ತದೆ ಅಂದರು. ನನಗೂ ಹಾಗೇ ಅನಿಸಿತ್ತು. ಅಲ್ಲೇ ನಿಂತು ಊದಿ ನೋಡಿದೆ. ಮೇಲಿನ ಸಾ ಸಲೀಸಾಗಿ ಬಂತು. ಐದು ನಿಮಿಷದಲ್ಲಿ ದುಡ್ಡು ಕೊಟ್ಟು ಹೊರಗೆ ಬಂದೆ. ಇಷ್ಟು ಸುಲಭವಾ ಅಂತ ತುಂಬಾ ಖುಷಿಯಾಗಿತ್ತು.

ಆ ವರ್ಷ ಹಬ್ಬದ ದಿನ ಮೊದಲು ಮೆರವಣಿಗೆಗೆ ಒಂದು ಗಂಟೆ ಬಿಸಿಲಲ್ಲಿ ದೊಡ್ಡ ಟ್ರಂಪೆಟ್ ಊದಿದೆವು. ಆಮೇಲೆ ಒಳಗೆ ಬಂದು ಪಿಕೊಲೊ ಎತ್ತಿಕೊಂಡೆ. ಮೊದಲ ಹಾಡು ಸರಿಯಾಯಿತು. ಎರಡನೆಯದರಲ್ಲಿ ಸ್ವರ ಕೀಬೋರ್ಡಿನಿಂದ ಮೇಲೆ ಮೇಲೆ ಹೋಗತೊಡಗಿತು. ಕೀಬೋರ್ಡಿನ ಸಿಸ್ಟರ್ ತಲೆ ಎತ್ತಿ ನನ್ನ ಕಡೆ ನೋಡಿದರು. ಮೂರನೆಯ ಹಾಡಿನ ಮಧ್ಯದಲ್ಲಿ ಸ್ವರವೇ ನಿಂತಿತು. ಗಾಳಿ ಉಂಟು, ಬೆರಳು ಸರಿ ಉಂಟು, ಸದ್ದಿಲ್ಲ. ಗಾಯಕರು ಹಾಗೇ ಹಾಡಿ ಮುಗಿಸಿದರು. ನಾನು ಟ್ರಂಪೆಟ್ ಮಡಿಲಲ್ಲಿಟ್ಟುಕೊಂಡು ಕುಳಿತೆ. ಆ ಮೂರು ನಿಮಿಷ ನನಗೆ ಇವತ್ತಿಗೂ ನೋಯುತ್ತದೆ.

ಕಾರಣ ಆಮೇಲೆ ತಿಳಿಯಿತು. ತುಂಬಾ ಊದಿದ ಮೇಲೆ ತುಟಿ ಸ್ವಲ್ಪ ಊದಿಕೊಳ್ಳುತ್ತದೆ. ಊದಿಕೊಂಡ ತುಟಿ ಕಪ್ಪಿನೊಳಗೆ ಜಾಸ್ತಿ ಇಳಿಯುತ್ತದೆ. ಕಪ್ ತೀರಾ ತೆಳುವಾಗಿದ್ದರೆ ಅದು ಕಪ್ಪಿನ ತಳಕ್ಕೇ ತಾಗುತ್ತದೆ. ತಾಗಿದ ತುಟಿ ಅದುರುವುದಿಲ್ಲ. ಅದುರದಿದ್ದರೆ ಸ್ವರ ಎಲ್ಲಿಂದ? ಅಂಗಡಿಯಲ್ಲಿ ಊದುವಾಗ ತುಟಿ ಹೊಸದಾಗಿತ್ತು, ಹಾಗಾಗಿ ಏನೂ ಗೊತ್ತಾಗಲಿಲ್ಲ.

ನನಗೆ ಟ್ರಂಪೆಟ್ ಕಲಿಸಿದವರು ದೊಡ್ಡಪ್ಪ. ಮಿಲಿಟರಿ ಬ್ಯಾಂಡಿನಲ್ಲಿದ್ದು ರಿಟೈರ್ ಆಗಿ ಅಡಿಕೆ ತೋಟ ನೋಡಿಕೊಂಡಿದ್ದಾರೆ. ಮರುದಿನ ಸಂಜೆ ಅವರ ಜಗಲಿಯಲ್ಲಿ ಎಲ್ಲ ಹೇಳಿದೆ. ಅವರು ಬೈಯಲಿಲ್ಲ. ಅಂಗಳಕ್ಕೆ ಇಳಿದು ತೆಂಗಿನ ಎಳೆ ಗರಿಯೊಂದನ್ನು ಸೀಳಿ, ನಾವು ಚಿಕ್ಕವರಿದ್ದಾಗ ಮಾಡಿಕೊಡುತ್ತಿದ್ದ ಹಾಗೆ ಸುರುಳಿ ಸುತ್ತಿ ಪೀಪಿ ಮಾಡಿದರು. ಊದಿದರು. ಆಮೇಲೆ ಅಗಲದ ಕಡೆಯಿಂದ ಸುರುಳಿ ಬಿಚ್ಚುತ್ತಾ ಅರ್ಧಕ್ಕೆ ತಂದರು. ಬಾಯಿಗಿಡುವ ತುಂಡು ಮಾತ್ರ ಮೊದಲಿನದೇ. ಸ್ವರ ಒಡಕು ಒಡಕಾಗಿ ಬಂತು. ಆ ತುಂಡನ್ನೂ ಉಗುರಿನಿಂದ ಸ್ವಲ್ಪ ಚಿಕ್ಕದು ಮಾಡಿ ಮತ್ತೆ ಊದಿದಾಗ ನೆಟ್ಟಗಾಯಿತು. "ಕೊಳವೆ ಗಿಡ್ಡ ಆಯ್ತಲ್ಲ, ಬಾಯಿ ಹತ್ತಿರದ ಜಾಗವೂ ಅದಕ್ಕೆ ತಕ್ಕ ಹಾಗೆ ಇರ್ಬೇಕು. ಹಾಗೆ ಹೇಳಿ ತುಟಿ ಇಡುವ ಅಂಚು ಬದಲಿಸ್ಬೇಡ ಮಾರಾಯ. ಕಪ್ ಮಾತ್ರ ನೋಡು" ಅಂದರು.

ನಾನು ಇವತ್ತಿಗೂ ಪಿಕೊಲೊ ಮೌತ್‌ಪೀಸ್ ಬಗ್ಗೆ ಯಾರು ಕೇಳಿದರೂ ಇದನ್ನೇ ಹೇಳುವುದು. ರಿಮ್, ಅಂದರೆ ತುಟಿ ಇಡುವ ಅಂಚು, ನಿಮ್ಮ ತುಟಿಗೆ ಗೊತ್ತಿರುವುದೇ ಇರಲಿ, ಅಥವಾ ಅದಕ್ಕೆ ಆದಷ್ಟು ಹತ್ತಿರದ್ದು. ಕಪ್ ಮಾತ್ರ ತೆಳುವಾಗಲಿ. ಪಿಕೊಲೊಗೆಂದು ರಿಮ್‌ನ್ನೂ ಸಣ್ಣದು ಮಾಡಿಕೊಂಡು ಚೆನ್ನಾಗಿ ಊದುವವರಿದ್ದಾರೆ. ಆದರೆ ಅವರು ದಿನವೂ ಪಿಕೊಲೊ ಊದುವವರು. ನಮ್ಮಂಥವರು ಒಂದೇ ಕಾರ್ಯಕ್ರಮದಲ್ಲಿ ದೊಡ್ಡದನ್ನು ಕೆಳಗಿಟ್ಟು ಸಣ್ಣದನ್ನು ಎತ್ತಿಕೊಳ್ಳಬೇಕು. ತುಟಿಗೆ ಎರಡು ಅಂಚು ನೆನಪಿಟ್ಟುಕೊಳ್ಳುವ ಕಷ್ಟ ಬೇಡ.

ಕಪ್ ಯಾಕೆ ತೆಳುವಾಗಬೇಕು ಎಂಬುದನ್ನು ಸ್ವಲ್ಪ ಬಿಡಿಸಿ ಹೇಳುತ್ತೇನೆ. ಮೌತ್‌ಪೀಸ್ ಸುಮಾರು ಒಂಬತ್ತು ಸೆಂಟಿಮೀಟರ್ ಉದ್ದ. 148 ಸೆಂಟಿಮೀಟರ್ ಕೊಳವೆಯಲ್ಲಿ ಅದರ ಪಾಲು ಸಣ್ಣದು. ಕೊಳವೆಯನ್ನು ಅರ್ಧ ಮಾಡಿ ಅದೇ ಮೌತ್‌ಪೀಸ್ ಇಟ್ಟರೆ ಪಾಲು ಎರಡು ಪಟ್ಟಾಯಿತು. ಕಪ್ಪಿನೊಳಗಿನ ಗಾಳಿ ಸ್ವರವನ್ನು ಕೆಳಗೆ ಎಳೆಯುತ್ತದೆ. ಕೆಳಗಿನ ಸ್ವರಗಳಿಗಿಂತ ಮೇಲಿನ ಸ್ವರಗಳನ್ನು ಜಾಸ್ತಿ ಎಳೆಯುತ್ತದೆ. ಹಾಗಾಗಿ ಆಳದ ಕಪ್ ಹಾಕಿದರೆ ಪಿಕೊಲೊದ ಮೇಲಿನ ಸಾ ಇಳಿದುಹೋಗುತ್ತದೆ, ಕೆಳಗಿನ ಸಾ ಜೊತೆ ಕೂಡುವುದಿಲ್ಲ. ತೀರಾ ತೆಳು ಹಾಕಿದರೆ ಉಲ್ಟಾ, ಮೇಲಿನದು ಏರಿಬಿಡುತ್ತದೆ. ಸಿಸ್ಟರ್ ತಲೆ ಎತ್ತಿ ನೋಡಿದ್ದು ಅದಕ್ಕೇ.

ಎಷ್ಟು ತೆಳು ಎಂದು ಕಣ್ಣಿನಲ್ಲಿ ನೋಡಿ ಹೇಳಲು ಬರುವುದಿಲ್ಲ. ನಾನು ಮೆಡಿಕಲ್‌ನಿಂದ 2 ಮಿಲಿಯ ಸಿರಿಂಜ್ ತಂದೆ. ಮೌತ್‌ಪೀಸನ್ನು ತಲೆಕೆಳಗು ಮಾಡದೆ ನೆಟ್ಟಗೆ ಹಿಡಿದು, ಶ್ಯಾಂಕ್ ತುದಿಯಿಂದ ಸಪೂರ ಕಡ್ಡಿಗೆ ಮೇಣ ಸುತ್ತಿ ಮೇಲೆ ತೂರಿಸಿ, ಥ್ರೋಟ್‌ನ, ಅಂದರೆ ಕಪ್ಪಿನ ತಳದ, ತೂತನ್ನು ಬಿಗಿಯಾಗಿ ಮುಚ್ಚಿದೆ. ಆಮೇಲೆ ಸಿರಿಂಜಿನಿಂದ ಹನಿ ಹನಿಯಾಗಿ ಕಪ್ಪಿಗೆ ನೀರು ಬಿಟ್ಟೆ. ಅಂಚಿನ ಒಳಗಿನ ಗೆರೆಗೆ ನೀರು ಬಂದು ನಿಂತಾಗ ಎಷ್ಟು ಹಿಡಿಯಿತೆಂದು ನೋಡಿದೆ. ಅಡುಗೆಮನೆಯ ಕಿಟಕಿಯ ಬೆಳಕಿನಲ್ಲಿ ಈ ಕೆಲಸ ಮಾಡಿದ್ದು. ನೀರು ಅಂಚಿಗೆ ಬಂದಾಗ ಕನ್ನಡಿಯ ಹಾಗೆ ಒಮ್ಮೆ ಹೊಳೆಯುತ್ತದೆ, ಅಲ್ಲಿಗೆ ನಿಲ್ಲಿಸಬೇಕು. ಎಲ್ಲವೂ ಒಂದು ಮಿಲಿಯ ಆಸುಪಾಸಿನ ಲೆಕ್ಕ. ಆದರೂ ಒಂದಕ್ಕೂ ಇನ್ನೊಂದಕ್ಕೂ ಇರುವ ವ್ಯತ್ಯಾಸ ಸಿರಿಂಜಿನ ಗೆರೆಯಲ್ಲಿ ಚೆನ್ನಾಗಿ ಕಾಣುತ್ತದೆ. ನನಗೆ ಕೊನೆಗೆ ಸರಿಹೋದದ್ದು ನನ್ನ 11ಸಿ4ಕ್ಕಿಂತ ಸುಮಾರು ಕಾಲು ಭಾಗ ಕಡಿಮೆ ನೀರು ಹಿಡಿಯುವಂಥದ್ದು. ಅಂಗಡಿಯಲ್ಲಿ ತಂದದ್ದು ಅರ್ಧದಷ್ಟು ಮಾತ್ರ ಹಿಡಿದಿತ್ತು.

ಇನ್ನು ನಂಬರಿನ ವಿಷಯ. ಇದರಲ್ಲಿ ಎಷ್ಟೋ ಜನ ಎಡವುತ್ತಾರೆ. ಬಾಕ್ ಕಂಪನಿಯ ಮೌತ್‌ಪೀಸ್‌ನಲ್ಲಿ ಅಂಕೆ ಚಿಕ್ಕದಾದಷ್ಟು ಬಾಯಿ ಅಗಲ. 1 ದೊಡ್ಡದು, 7 ಅದಕ್ಕಿಂತ ಸಣ್ಣದು. ಅಕ್ಷರದಲ್ಲಿ ಎ ಅಂದರೆ ಆಳ, ಇ ಅಂದರೆ ತೆಳು. ಯಮಹಾ ಮತ್ತು ಶಿಲ್ಕೆ ಕಂಪನಿಗಳಲ್ಲಿ ಸರಿ ಉಲ್ಟಾ. ಅಂಕೆ ದೊಡ್ಡದಾದಷ್ಟು ಬಾಯಿ ಅಗಲ, ಎ ತೆಳು, ಇ ಆಳ. ಆಮೇಲಿನ ಅಂಕೆ ರಿಮ್‌ನ ಆಕಾರಕ್ಕೆ, ಕೊನೆಗೆ ಇನ್ನೊಂದು ಅಕ್ಷರ ಇದ್ದರೆ ಅದು ಬ್ಯಾಕ್‌ಬೋರ್‌ಗೆ, ಅಂದರೆ ಶ್ಯಾಂಕ್‌ನೊಳಗೆ ಅಗಲವಾಗುತ್ತಾ ಹೋಗುವ ತೂತಿಗೆ. ವಿನ್ಸೆಂಟ್ ಬಾಕ್ ಸ್ವತಃ ಟ್ರಂಪೆಟ್ ಊದುವವರು, 1918ರಲ್ಲಿ ನ್ಯೂಯಾರ್ಕಿನಲ್ಲಿ ಮೌತ್‌ಪೀಸ್ ಮಾಡಲು ಶುರು ಮಾಡಿದರು. ರೆನಾಲ್ಡ್ ಶಿಲ್ಕೆ ಶಿಕಾಗೊ ಸಿಂಫನಿ ವಾದ್ಯವೃಂದದಲ್ಲಿ ಊದುತ್ತಿದ್ದವರು. ಅವರು ಯಮಹಾಗೂ ಸಲಹೆಗಾರರಾಗಿದ್ದರು. ಯಮಹಾ, ಶಿಲ್ಕೆ ಎರಡರ ಲೆಕ್ಕ ಒಂದೇ ತರ ಇರುವುದು ಅದಕ್ಕೇ.

ಹಾಗಾಗಿ ಬಾಕ್ 7ಸಿ ಊದುವವರು ಯಮಹಾದಲ್ಲಿ 7 ಹುಡುಕಿದರೆ ತೀರಾ ಸಣ್ಣದು ಸಿಗುತ್ತದೆ. ಬಾಕ್ 7ಸಿಗೆ ಹತ್ತಿರದ್ದು ಯಮಹಾ 11ಸಿ4. ಪಿಕೊಲೊಗೆಂದು ಹೆಚ್ಚಾಗಿ ಕೇಳಿಬರುವ ಹೆಸರು ಬಾಕ್ 7ಇ, ಶಿಲ್ಕೆ 14ಎ4ಎ. ಒಂದರಲ್ಲಿ ಇ, ಇನ್ನೊಂದರಲ್ಲಿ ಎ. ಎರಡೂ ತೆಳು ಕಪ್ಪೇ.

ಡಿ, ಇ ಫ್ಲಾಟ್ ಟ್ರಂಪೆಟ್ ಇರುವವರು ಇಷ್ಟೆಲ್ಲ ತಲೆಬಿಸಿ ಮಾಡಿಕೊಳ್ಳಬೇಕಾಗಿಲ್ಲ. ಅವು ಅಷ್ಟೇನೂ ಗಿಡ್ಡ ಅಲ್ಲ, ಸಾಮಾನ್ಯವಾಗಿ ನಮ್ಮ ಮಾಮೂಲು ಶ್ಯಾಂಕೇ ಕೂರುತ್ತದೆ. ದಿನದ ಮೌತ್‌ಪೀಸಿನಲ್ಲೇ ಮೊದಲು ಊದಿ ನೋಡಲಿ.

ಒಂದು ತಪ್ಪು ಕಲ್ಪನೆ ಬಗ್ಗೆ ಹೇಳಲೇಬೇಕು. ಪಿಕೊಲೊ ಸಿಕ್ಕಿದರೆ ಇಲ್ಲದ ಸ್ವರ ಬರುತ್ತದೆ ಎಂದು ಮಕ್ಕಳು ತಿಳಿಯುತ್ತಾರೆ. ಹಾಗಿಲ್ಲ. ದೊಡ್ಡ ಟ್ರಂಪೆಟ್‌ನಲ್ಲಿ ನಿಮ್ಮ ತುಟಿ ಎಲ್ಲಿಯವರೆಗೆ ಹೋಗುತ್ತದೋ ಇದರಲ್ಲೂ ಹೆಚ್ಚು ಕಡಿಮೆ ಅಲ್ಲಿಯವರೆಗೇ. ವ್ಯತ್ಯಾಸ ಇರುವುದು ಭರವಸೆಯಲ್ಲಿ. ದೊಡ್ಡದರ ಮೇಲಿನ ಸಾ ಎಂಟನೆಯ ಹಾರ್ಮೋನಿಕ್, ಅಂದರೆ ವಾಲ್ವ್ ಒತ್ತದೆ ಅದೇ ಕೊಳವೆಯಲ್ಲಿ ಬರುವ ಸ್ವರಗಳ ಮೆಟ್ಟಿಲಲ್ಲಿ ಎಂಟನೆಯದು. ಅಕ್ಕಪಕ್ಕದ ಸ್ವರಗಳು ಒತ್ತೊತ್ತಾಗಿ ನಿಂತಿರುತ್ತವೆ, ಸ್ವಲ್ಪ ತಪ್ಪಿದರೆ ಪಕ್ಕದ್ದಕ್ಕೆ ಬೀಳುತ್ತೇವೆ. ಪಿಕೊಲೊದಲ್ಲಿ ಅದೇ ಸ್ವರ ನಾಲ್ಕನೆಯದು. ನಡುವೆ ಜಾಗ ಉಂಟು. ಧೈರ್ಯವಾಗಿ, ಮೆಲ್ಲಗೆ ಊದಬಹುದು. ಫ್ರಾನ್ಸಿನ ಮೊರಿಸ್ ಆಂದ್ರೆ ಊದಿದ್ದನ್ನು ಕೇಳಿ ನೋಡಿ. 1933ರಲ್ಲಿ ಹುಟ್ಟಿದವರು, ಹುಡುಗನಾಗಿದ್ದಾಗ ಕಲ್ಲಿದ್ದಲು ಗಣಿಯಲ್ಲಿ ದುಡಿದವರು. ಈ ಪುಟ್ಟ ವಾದ್ಯವನ್ನು ಲೋಕಕ್ಕೆ ಪರಿಚಯಿಸಿದವರಲ್ಲಿ ಅವರೇ ಮುಖ್ಯರು. ಅವರ ಮೇಲಿನ ಸ್ವರದಲ್ಲಿ ಒಂಚೂರೂ ಕಿರುಚಾಟ ಇಲ್ಲ. ಹಾಡುವ ಹಾಗೆ ಕೇಳುತ್ತದೆ. ಮೌತ್‌ಪೀಸ್ ಆರಿಸುವಾಗ ನಾನು ಅದನ್ನು ಮನಸ್ಸಿನಲ್ಲಿ ಇಟ್ಟುಕೊಳ್ಳುತ್ತೇನೆ. ಎಷ್ಟು ಮೇಲೆ ಹೋಯಿತು ಅಂತ ನೋಡುವುದಿಲ್ಲ. ಮೆಲ್ಲಗೆ ಊದಿದಾಗ ಸ್ವರ ದುಂಡಗಿರುತ್ತದಾ ಅಂತ ನೋಡುತ್ತೇನೆ.

ನನಗೆ ಸರಿಯಾದದ್ದು ಸಿಗಲು ಏಳೆಂಟು ತಿಂಗಳು ಹಿಡಿಯಿತು. ಮಂಗಳೂರಿನ ಬ್ಯಾಂಡಿನವರಿಂದ ಎರಡು ಎರವಲು ತಂದೆ, ಒಂದು ಭಾವ ಕಳಿಸಿದರು. ಎಲ್ಲವೂ ಕಾರ್ನೆಟ್ ಶ್ಯಾಂಕ್‌ನವು. ಒಂದೊಂದನ್ನೂ ಒಂದು ವಾರ ಊದಿದೆ. ಮೊದಲು ಅರ್ಧ ಗಂಟೆ ದೊಡ್ಡ ಟ್ರಂಪೆಟ್ ಊದಿ ತುಟಿ ದಣಿಸುವುದು, ಆಮೇಲೆ ಪಿಕೊಲೊ. ಮೊಬೈಲಿನ ಟ್ಯೂನರ್ ಮುಂದಿಟ್ಟು, ಕಣ್ಣು ಮುಚ್ಚಿ ಸ್ವರ ಹಿಡಿದು, ಸ್ವರ ನಿಂತ ಮೇಲೆ ಕಣ್ಣು ತೆರೆಯುವುದು. ಮುಳ್ಳು ನೋಡುತ್ತಾ ಊದಿದರೆ ತುಟಿ ತಾನೇ ತಿದ್ದಿಕೊಂಡು ಮೋಸ ಮಾಡುತ್ತದೆ. ಕೆಳಗಿನ ಸಾ, ಪಾ, ಮೇಲಿನ ಸಾ ಮೂರನ್ನೂ ಹಳೆಯ ನೋಟ್‌ಬುಕ್ಕಿನಲ್ಲಿ ಬರೆದಿಟ್ಟೆ. ಸ್ವರ ಎಷ್ಟು ಏರಿದೆ ಇಳಿದಿದೆ ಎಂದು ಟ್ಯೂನರ್ ತೋರಿಸುವುದು ಸೆಂಟ್‌ನಲ್ಲಿ. ನೂರು ಸೆಂಟ್ ಸೇರಿದರೆ ಅರ್ಧ ಸ್ವರ. ಅಂಗಡಿಯದರಲ್ಲಿ ಮೇಲಿನ ಸಾ 25 ಸೆಂಟ್ ಏರಿತ್ತು. ಎರವಲು ತಂದ ಆಳದ ಕಪ್ಪಿನಲ್ಲಿ 15 ಇಳಿದಿತ್ತು. ಈಗ ಇರುವುದರಲ್ಲಿ 5ರ ಒಳಗೆ. ಅಷ್ಟನ್ನು ತುಟಿಯೇ ಸರಿ ಮಾಡಿಕೊಳ್ಳುತ್ತದೆ.

ಎ ಪೈಪ್ ಮತ್ತು ಬಿ ಫ್ಲಾಟ್ ಪೈಪ್ ಎರಡರಲ್ಲೂ ನೋಡಬೇಕು. ಒಂದರಲ್ಲಿ ಚಂದ ಇದ್ದದ್ದು ಇನ್ನೊಂದರಲ್ಲಿ ಮುನಿಸಿಕೊಳ್ಳುವುದುಂಟು. ಮೌತ್‌ಪೀಸ್ ಎಷ್ಟು ಒಳಗೆ ಕೂರುತ್ತದೆ ಎಂಬುದೂ ಸ್ವರವನ್ನು ಬದಲಿಸುತ್ತದೆ. ನಾನು ಶ್ಯಾಂಕ್ ಮೇಲೆ ಪೆನ್ಸಿಲ್ ಗೆರೆ ಹಾಕಿ ಎರಡು ಪೈಪ್‌ನಲ್ಲೂ ಒಂದೇ ಕಡೆ ನಿಲ್ಲುತ್ತದಾ ಎಂದು ನೋಡಿದೆ. ನಮ್ಮ ಏಪ್ರಿಲ್, ಮೇ ಸೆಖೆಯಲ್ಲಿ ಬೆವರಿಗೆ ರಿಮ್ ಜಾರುತ್ತದೆ. ಆಗ ತೆಳು ಅಂಚಿನದಕ್ಕಿಂತ ಸ್ವಲ್ಪ ಅಗಲ ಅಂಚಿನದು ನನಗೆ ಹಿತ. ಬೆಳ್ಳಿ ಲೇಪ ಸವೆದು ಹಿತ್ತಾಳೆ ಕಾಣುವ ಹಳೆಯ ಮೌತ್‌ಪೀಸ್ ಮಕ್ಕಳಿಗೆ ಕೊಡಬೇಡಿ. ಕೆಲವರಿಗೆ ತುಟಿ ತುರಿಸಿ ಕೆಂಪಾಗುತ್ತದೆ.

ಥ್ರೋಟ್ ಬಗ್ಗೆ ಒಂದು ಮಾತು. ಬಾಕ್‌ನ ಮಾಮೂಲು ತೂತು 27ನೇ ನಂಬರ್ ಡ್ರಿಲ್‌ನದು, 3.66 ಮಿಲಿಮೀಟರ್. ಪಿಕೊಲೊ ತಾನೇ ಬಿಗಿ ವಾದ್ಯ. ಅದಕ್ಕೆ ಗಾಳಿ ರಾಶಿ ಬೇಡ. ತೂತೂ ಬಿಗಿಯಾದರೆ ಉಸಿರು ಎದೆಯಲ್ಲೇ ಉಳಿದು ತಲೆ ಸುತ್ತುತ್ತದೆ. ನಾನು ಸಪೂರ ತೂತಿನ ಗೊಡವೆಗೆ ಹೋಗಿಲ್ಲ.

ಈಗ ಆ ಹುಡುಗಿಯ ಪ್ರಶ್ನೆಗೆ. ನನ್ನದು ಸಾಕಾಗುವುದಿಲ್ಲ ಮಗಾ. ನನ್ನ ರಿಮ್ ನನ್ನ ತುಟಿಗೆ ನೋಡಿ ಆರಿಸಿದ್ದು. ನೀನು ಮೊದಲಿನಿಂದ ಊದುತ್ತಿರುವುದು ಬಾಕ್ 7ಸಿ, ನನ್ನದಕ್ಕೆ ಹತ್ತಿರದ್ದಾದರೂ ಅದೇ ಅಲ್ಲ. ನಿನಗೆ ಬೇಕಾದ್ದು ಅದೇ ರಿಮ್, ತೆಳು ಕಪ್, ಕಾರ್ನೆಟ್ ಶ್ಯಾಂಕ್. ಅಂಗಡಿಯಲ್ಲಿ ಈ ಮೂರನ್ನೂ ಬಾಯಿಬಿಟ್ಟು ಕೇಳಬೇಕು. ಮೇಲಿನ ಸಾ ಬಂದ ಕೂಡಲೇ ಖುಷಿಪಟ್ಟು ತೆಗೆದುಕೊಳ್ಳಬಾರದು.

ಅವಳ ಅಮ್ಮನ ಹತ್ತಿರ ಮಾತಾಡಿ ಆಗಿದೆ. ಬರುವ ಶನಿವಾರ ಮೂವರೂ ಕುಂಬಳೆಯಿಂದ ಬೆಳಗ್ಗಿನ ರೈಲಿಗೆ ಮಂಗಳೂರಿಗೆ ಹೊರಡುವುದು. ಅವಳ ದೊಡ್ಡ ಟ್ರಂಪೆಟ್ ತರಲು ಹೇಳಿದ್ದೇನೆ, ಮನೆಯಲ್ಲೇ ಅರ್ಧ ಗಂಟೆ ಊದಿ ಬರಬೇಕು. ಪಿಕೊಲೊ, ಎರಡೂ ಪೈಪ್, ಸಿರಿಂಜ್, ಮೇಣ ಸುತ್ತಿದ ಕಡ್ಡಿ, ಆ ಹಳೆಯ ನೋಟ್‌ಬುಕ್ ನನ್ನ ಚೀಲದಲ್ಲಿ ಈಗಾಗಲೇ ಕೂತಿವೆ. ನೋಟ್‌ಬುಕ್ಕಿನಲ್ಲಿ ಅವಳಿಗೆಂದು ಒಂದು ಹೊಸ ಪುಟಕ್ಕೆ ಗೆರೆ ಹಾಕಿಟ್ಟಿದ್ದೇನೆ.